ಹದಿನಾರನೆಯ ಪುಟದ ಕಪ್ಪು

ಇಂಟು ಗುರುತು ಹಾಕಿದ ಕಡೆ ಕಪ್ಪು ತುಂಬಬೇಕು, ಹಾಕದ ಕಡೆ ಬಿಳಿ ಬಿಡಬೇಕು. ಕಪ್ಪಕ್ಕನ ಕೆಲಸವೆಂದರೆ ಇಷ್ಟೇ. ಒಂದೇ ಉಸಿರಿಗೆ ಹೇಳಿ ಮುಗಿಸಬಹುದಾದ ಈ ಕೆಲಸವನ್ನು ಅವಳು ಹನ್ನೊಂದು ವರ್ಷದಿಂದ ಮಾಡುತ್ತಿದ್ದಳು. ಒಂದೇ ಒಂದು ಗುರುತು ತಪ್ಪಿದ್ದಿಲ್ಲ.

ಗುರುತು ಹಾಕುವವನು ಅವಳ ತಮ್ಮ. ಅವನು ವಾರಪತ್ರಿಕೆಯೊಂದಕ್ಕೆ ಮಾಂಗಾ ಬರೆಯುತ್ತಿದ್ದ. ಬಲದಿಂದ ಎಡಕ್ಕೆ ಓದಿಕೊಂಡು ಹೋಗುವ, ಬಣ್ಣವಿಲ್ಲದ ಚಿತ್ರಕಥೆ. ವಾರಕ್ಕೆ ಹದಿನಾರು ಪುಟ. ಒಳಕೋಣೆಯಲ್ಲಿ ಕೂತು ಪೆನ್ಸಿಲ್ಲಿನಲ್ಲಿ ಚಿತ್ರ ಹಾಕಿ, ಅದರ ಮೇಲೆ ನಿಬ್ಬಿನಿಂದ ಗೆರೆ ಎಳೆದು, ಕೋಟು, ರಾತ್ರಿಯ ಸಮುದ್ರ, ಟೊಪ್ಪಿಯ ಒಳಭಾಗ, ಕೂದಲು ಹೀಗೆ ಕಪ್ಪಾಗಬೇಕಾದ ಜಾಗಕ್ಕೆಲ್ಲ ಒಂದು ಪುಟ್ಟ ಇಂಟು ಹಾಕಿ ಪುಟವನ್ನು ನಡುಮನೆಗೆ ಕಳಿಸುವನು. ನಡುಮನೆಯ ಕಿಟಕಿಯ ಪಕ್ಕ ಅಕ್ಕನ ಮೇಜು. ಅವಳು ಮೊದಲು ಸಣ್ಣ ಬ್ರಷ್ಷಿನಲ್ಲಿ ಅಂಚು ಕಟ್ಟಿ, ಆಮೇಲೆ ದಪ್ಪ ಬ್ರಷ್ಷಿನಲ್ಲಿ ನಡುವನ್ನು ತುಂಬುವಳು. ಒಣಗಿದ ಮೇಲೆ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುವಳು. ಎಲ್ಲಾದರೂ ಹೊಳಪು ಹೆಚ್ಚುಕಡಿಮೆ ಕಂಡರೆ ಇನ್ನೊಂದು ಕೈ. ಕೊನೆಗೆ ಪೆನ್ಸಿಲ್ ಗೆರೆಗಳನ್ನೆಲ್ಲ ರಬ್ಬರಿನಿಂದ ಉಜ್ಜಿ, ಗೋಡೆಯಿಂದ ಗೋಡೆಗೆ ಕಟ್ಟಿದ ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಡುವಳು.

ಕಪ್ಪಕ್ಕ ಎಂದು ಹೆಸರಿಟ್ಟವರು ಪತ್ರಿಕೆಯ ಆಫೀಸಿನವರು. ಬಣ್ಣ ನೋಡಿ ಇಟ್ಟದ್ದಲ್ಲ, ಕೆಲಸ ನೋಡಿ ಇಟ್ಟದ್ದು ಎಂದು ಸಂಪಾದಕಿ ಒಮ್ಮೆ ಸಮಜಾಯಿಷಿ ಹೇಳಲು ಬಂದಾಗ ಅವಳು, “ಎರಡಕ್ಕೂ ಒಪ್ಪುತ್ತೆ ಬಿಡಿ ಮೇಡಂ” ಎಂದಿದ್ದಳು.

ಹತ್ತೊಂಬತ್ತಕ್ಕೆ ಮದುವೆಯಾಗಿ, ಇಪ್ಪತ್ತೊಂದಕ್ಕೆ ಗಂಡನನ್ನು ಕಳೆದುಕೊಂಡು, ಇಪ್ಪತ್ತೆರಡಕ್ಕೆ ತವರಿಗೆ ಬಂದವಳು. ಬಂದ ವರ್ಷವೇ ಅಮ್ಮ ತೀರಿಕೊಂಡರು. ಒಂಬತ್ತು ವರ್ಷದ ತಮ್ಮ ಅವಳ ಮಡಿಲಿಗೆ ಬಿದ್ದ. ಕೊಡೆ ತಯಾರಿಸುವ ಕಾರ್ಖಾನೆಯಲ್ಲಿ ಕೊಡೆಯ ಹಿಡಿಗಳಿಗೆ ಕಪ್ಪು ವಾರ್ನಿಷ್ ಬಳಿಯುವ ಕೆಲಸಕ್ಕೆ ಸೇರಿ, ಅದು ಬಾಗಿಲು ಹಾಕುವ ತನಕ ಬಳಿದಳು. ಅಲ್ಲಿ ಕಲಿತದ್ದು ಎರಡೇ: ಉಸಿರು ಬಿಗಿಹಿಡಿದು ಕೈ ಎಳೆಯುವುದು, ಒಣಗುವ ಮುಂಚೆ ಮುಟ್ಟದಿರುವುದು. ಶಾಲೆಗೆ ಹೋದದ್ದು ಎರಡು ವರ್ಷ. ಬಿಡಿಬಿಡಿಯಾಗಿ ಅಚ್ಚು ಹಾಕಿದ ಅಕ್ಷರವಾದರೆ ಕೂಡಿಸಿಕೊಂಡು ಓದುವಳು. ತಮ್ಮನ ಅವಸರದ ಕೈಬರಹ ಮಾತ್ರ ಅವಳಿಗೆ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಹಾಗಾಗಿ ಕಥೆಯಲ್ಲಿ ಯಾರು ಏನು ಮಾತಾಡುತ್ತಾರೆ ಎಂಬುದು ಪತ್ರಿಕೆ ಅಚ್ಚಾಗಿ ಬರುವವರೆಗೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಚಿತ್ರ. ಚಿತ್ರದಲ್ಲಿ ಯಾರು ಬಂದರು, ಯಾರು ಹೋದರು, ಯಾರು ಬಾಗಿಲಲ್ಲಿ ನಿಂತರು, ಇಷ್ಟು.

ಕಥೆ ಇಬ್ಬರು ಗಂಡಸರದು. ಒಬ್ಬ ಹಡಗಿನ ಕ್ಯಾಪ್ಟನ್, ಒಬ್ಬ ಪಿಟೀಲಿನವನು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ. ಕ್ಯಾಪ್ಟನ್ ಮೂರು ಸಲ ಸಮುದ್ರಪಾಲಾಗಿದ್ದ, ಒಂದು ಸಲ ನೆನಪು ಕಳೆದುಕೊಂಡಿದ್ದ, ಒಂದು ಸಲ ಸ್ವಂತ ಅವಳಿ ತಮ್ಮನ ಗುಂಡಿಗೆ ಎದೆಯೊಡ್ಡಿದ್ದ. ಪಿಟೀಲಿನವನು ನಲವತ್ತು ವಾರ ಕುರುಡನಾಗಿದ್ದು, ಅತ್ತೂ ಅತ್ತೂ ದೃಷ್ಟಿ ಮರಳಿ ಬಂದಿತ್ತು. ಓದುಗರು ಚೀಲಗಟ್ಟಲೆ ಕಾಗದ ಬರೆಯುತ್ತಿದ್ದರು. ಇಬ್ಬರ ಮುಖವೂ ಒಂದೇ ನಿಬ್ಬಿನಿಂದ ಇಳಿದದ್ದು. ಅದೇ ಮೂಗು, ಅದೇ ಗಲ್ಲ, ಅದೇ ಒದ್ದೆ ಕಣ್ಣು. ವ್ಯತ್ಯಾಸವೆಂದರೆ ಕೂದಲು. ಕ್ಯಾಪ್ಟನ್‌ನದು ಕಪ್ಪು, ಪಿಟೀಲಿನವನದು ಬಿಳಿ. ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುತ್ತಿದ್ದದ್ದು ಕಪ್ಪಕ್ಕನ ಬ್ರಷ್ಷು.

ಪಿಟೀಲಿನವನ ಬಿಳಿಕೂದಲು ಯಾರದು ಎಂದು ಅವಳಿಗೆ ಗೊತ್ತಿತ್ತು. ತಮ್ಮನ ತಲೆ ಮೂವತ್ತಕ್ಕೇ ನರೆತಿತ್ತು. ಕ್ಯಾಪ್ಟನ್‌ನ ಹಣೆಯ ಮೇಲೆ ಬೀಳುವ ಕಪ್ಪು ಕೂದಲು ಯಾರದು ಎಂಬುದೂ ಗೊತ್ತಿತ್ತು. ಆ ವಿಷಯ ಅವಳು ಎತ್ತಲಿಲ್ಲ, ಅವನು ಹೇಳಲಿಲ್ಲ.

ಆ ಬುಧವಾರ ಬೆಳಿಗ್ಗೆ ತಮ್ಮ ಮೊದಲ ಮೂರು ಪುಟ ತಂದುಕೊಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

“ಅಕ್ಕ, ಈ ವಾರಕ್ಕೆ ಕಥೆ ಮುಗೀತು.”

“ಯಾವ ಕಥೆ?”

“ನಮ್ಮನೇಲಿ ಎಷ್ಟು ಕಥೆ ನಡೀತಿದೆ?”

ಅವಳು ಬ್ರಷ್ಷು ಕೆಳಗಿಟ್ಟಳು. ಸಂಪಾದಕಿ ಇನ್ನೂ ಎರಡು ವರ್ಷ ಎಳೆಯಿರಿ ಎಂದು ಅಂಗಲಾಚುತ್ತಿದ್ದದ್ದು ಅವಳಿಗೆ ಗೊತ್ತಿತ್ತು. “ಇದ್ದಕ್ಕಿದ್ದಂಗೆ ಯಾಕೋ?”

“ಮುಗಿಯೋ ಹೊತ್ತು ಬಂತು, ಮುಗಿಸ್ತಿದ್ದೀನಿ. ಹದಿನೈದು ಪುಟ ಒಂದೊಂದಾಗಿ ಕೊಡ್ತೀನಿ. ಹದಿನಾರನೇದು ನನ್ನ ಹತ್ರಾನೇ ಇರುತ್ತೆ. ಅದಕ್ಕೆ ಕಪ್ಪು ನಾನೇ ತುಂಬ್ತೀನಿ.”

ಅಷ್ಟು ಹೇಳಿ ಒಳಗೆ ಹೋದ. ಬಾಗಿಲು ಮುಚ್ಚಿಕೊಂಡ. ಯಾವತ್ತೂ ಅರೆ ತೆರೆದಿರುತ್ತಿದ್ದ ಬಾಗಿಲು.

ಅವನ ಕೈಯಲ್ಲಿ ಕಪ್ಪು ತುಂಬಿಸಿದರೆ ಅಂಚು ದಾಟುತ್ತದೆ. ಅದು ಅವನಿಗೂ ಗೊತ್ತು. ಅಂದಮೇಲೆ ಆ ಪುಟದಲ್ಲಿ ಅಕ್ಕ ನೋಡಬಾರದ್ದು ಏನೋ ಇದೆ. ಐದು ತಿಂಗಳಿಂದ ಅವನು ಪ್ರತಿ ಮಂಗಳವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಿದ್ದ. ಮಧ್ಯಾಹ್ನ ಹೋದವನು ಸಂಜೆ ಬರುತ್ತಿದ್ದ. ಬಾಯಲ್ಲಿದ್ದ ಹಲ್ಲುಗಳೆಲ್ಲ ಇದ್ದಲ್ಲೇ ಇದ್ದವು. ಅವಳು ಎಣಿಸಿದ್ದಳು.

ಹನ್ನೊಂದು ಗಂಟೆಯ ಹೊತ್ತಿಗೆ ಎಂಟು ಪುಟ ದಾರದ ಮೇಲೆ ತೂಗುತ್ತಿದ್ದವು. ಕ್ಯಾಪ್ಟನ್ ನಾಲ್ಕನೆಯ ಸಲವೂ ಸಮುದ್ರದಿಂದ ಬದುಕಿ ಬಂದಿದ್ದ. ಕೋಟಿನ ತುಂಬ ಪಾಚಿ; ಪಾಚಿಗೂ ಇಂಟು.

ಒಂಬತ್ತನೆಯ ಪುಟ ಬಂತು. ಮೇಲಿನ ಚೌಕದಲ್ಲಿ ಒಂದು ಮನೆಯ ಬಾಗಿಲು. ಬಾಗಿಲಲ್ಲಿ ಒಬ್ಬ ಹೆಂಗಸು, ಬೆನ್ನು ಮಾತ್ರ ಕಾಣುತ್ತದೆ. ಎರಡು ಕೈಯನ್ನೂ ಎರಡು ಕಡೆಯ ಚೌಕಟ್ಟಿಗೆ ಕೊಟ್ಟು ನಿಂತಿದ್ದಾಳೆ. ಅವಳೆದುರು ಕ್ಯಾಪ್ಟನ್. ಅದರ ಕೆಳಗಿನ ಚೌಕದಲ್ಲಿ ಒಳಗಡೆ ಹಾಸಿಗೆಯ ಮೇಲೆ ಪಿಟೀಲಿನವನು, ಹಣೆಯ ಮೇಲೆ ಒದ್ದೆ ಬಟ್ಟೆ. ಅದರ ಪಕ್ಕದ ಚೌಕದಲ್ಲಿ ಕ್ಯಾಪ್ಟನ್ ತಲೆ ಬಗ್ಗಿಸಿ ಏನೋ ನೋಡುತ್ತಿದ್ದಾನೆ. ಕೊನೆಯ ಚೌಕದಲ್ಲಿ ಅವನು ನೋಡಿದ ವಸ್ತು, ಒಂದು ಜೊತೆ ಚಪ್ಪಲಿ. ಬಲಗಾಲಿನದರ ಪಟ್ಟಿ ಕಿತ್ತು ಹೋಗಿ, ಮೇಲಿಂದ ಮೇಲೆ ಏಳು ಹೊಲಿಗೆ ಹಾಕಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

ಕಪ್ಪಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು ಹೊಲಿಗೆಗಳನ್ನು ಇನ್ನೊಮ್ಮೆ ಎಣಿಸಿದಳು.

ಎಂಟು ವರ್ಷದ ಹಿಂದಿನ ಮಾತು. ಕೆಳಗಿನ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ; ಹಣೆಯ ಮೇಲೆ ಬೀಳುವ ಕಪ್ಪು ಕೂದಲು. ಭಾನುವಾರ ಬಂದರೆ ಸಂಜೆಯ ತನಕ ತಮ್ಮನ ಕೋಣೆಯಲ್ಲಿ ಕೂತಿರುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ; ನಡುನಡುವೆ ನಗು ಮಾತ್ರ ಕೇಳುತ್ತಿತ್ತು. ಅವಳನ್ನು ಅವನೂ ಅಕ್ಕ ಎಂದೇ ಕರೆಯುತ್ತಿದ್ದ. ಮೆಟ್ಟಿಲ ಮೇಲಿನ ಮನೆಗಳವರು ಪಿಸುಗುಡಲು ಶುರುಮಾಡಿದ್ದರು. ಆ ದಿನಗಳಲ್ಲಿ ತಮ್ಮನಿಗೆ ಜೋರು ಜ್ವರ ಬಂದು, ನಾಲ್ಕನೆಯ ದಿನ ಮಧ್ಯಾಹ್ನ ಔಷಧಿಯ ಮಂಪರಿನಲ್ಲಿ ಮಲಗಿದ್ದ. ಆಗ ಗಡಿಯಾರದವನು ಬಂದ. ಬೇರೆ ಕಡೆ ಅಂಗಡಿಯೊಂದು ಸಿಕ್ಕಿದೆ, ಮೇಲುಗಡೆ ಎರಡು ಕೋಣೆಯೂ ಇದೆ, ಸಂಜೆ ಹೊರಡುತ್ತಿದ್ದೇನೆ ಎಂದ. “ಅವನನ್ನೂ ಬಾ ಅಂತ ಕೇಳೋಣ ಅಂತ ಬಂದೆ ಅಕ್ಕ.”

ಅವಳು ಎರಡು ಕೈಯನ್ನೂ ಚೌಕಟ್ಟಿಗೆ ಕೊಟ್ಟು, “ಅವನು ಇಲ್ಲ, ಊರಿಗೆ ಹೋಗಿದ್ದಾನೆ” ಎಂದಳು.

ಅವನು ಕೆಳಗೆ ನೋಡಿದ. ಬಾಗಿಲ ಪಕ್ಕ ತಮ್ಮನ ಚಪ್ಪಲಿ. ತಮ್ಮನಿಗಿದ್ದದ್ದು ಅದೊಂದೇ ಜೊತೆ. ಕಿತ್ತ ಪಟ್ಟಿಗೆ ಏಳು ಹೊಲಿಗೆ ಹಾಕಿ ಕೊಟ್ಟವನು ಇದೇ ಗಡಿಯಾರದವನು. ಒಂದು ಗಳಿಗೆ ಅದನ್ನೇ ನೋಡಿ, “ಸರಿ ಅಕ್ಕ” ಎಂದು ಮೆಟ್ಟಿಲಿಳಿದು ಹೋದ. ಅಕ್ಕನ ಕೈಲಿ ಹಾಗೆ ಹೇಳಿಸಿದ್ದು ಒಳಗಿರುವವನೇ ಎಂದು ಅವನು ತಿಳಿದುಕೊಂಡಿದ್ದ. ಅವಳಿಗೆ ಆ ಕ್ಷಣವೇ ಅದು ಗೊತ್ತಾಗಿತ್ತು. ಕರೆಯಲಿಲ್ಲ.

ತಮ್ಮ ಜ್ವರ ಬಿಟ್ಟು ಎದ್ದು ಕೆಳಗೆ ಹೋದಾಗ ಅಂಗಡಿ ಖಾಲಿಯಾಗಿತ್ತು. ಒಂದು ಮಾತೂ ಹೇಳದೆ ಹೋದನಲ್ಲ ಎಂದು ಅವನು ಆ ಮಳೆಗಾಲವೆಲ್ಲ ಕೊರಗಿದ್ದನ್ನು ಅವಳು ಕಣ್ಣಾರೆ ಕಂಡಳು. ಬಾಯಿಗೆ ಬೀಗ ಹಾಕಿಕೊಂಡೇ ಕಂಡಳು. ಜನ ಆಡಿಕೊಳ್ಳುತ್ತಾರೆ, ಅದಕ್ಕೇ ಹಾಗೆ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಜನ ಅವಳಿಗೆ ಯಾವತ್ತೂ ಅಷ್ಟು ದೊಡ್ಡವರಾಗಿರಲಿಲ್ಲ. ಅವಳು ಹೆದರಿದ್ದು ಈ ಮನೆಯ ಎರಡು ಕೋಣೆ ಮತ್ತು ಒಂದು ನಡುಮನೆಯಲ್ಲಿ ಒಬ್ಬಳೇ ಉಳಿಯುವುದಕ್ಕೆ.

ಆ ಬಾಗಿಲಲ್ಲಿ ನಿಂತದ್ದು ಇಬ್ಬರೇ. ಚಪ್ಪಲಿ ನೋಡಿದ್ದು ಇಬ್ಬರಿಗೇ ಗೊತ್ತು. ಈಗ ಅದು ತಮ್ಮನ ಪುಟಕ್ಕೆ ಬಂದಿದೆ ಎಂದರೆ ಹೇಳಿದವನು ಇನ್ನೊಬ್ಬನೇ ಆಗಿರಬೇಕು. ಹಲ್ಲಿನ ಡಾಕ್ಟರು ಯಾರು ಎಂಬುದು ಅವಳಿಗೆ ಅರ್ಥವಾಯಿತು.

ಚಪ್ಪಲಿಯ ಎರಡೂ ಪಟ್ಟಿಗೆ ಇಂಟು ಹಾಕಿತ್ತು. ಅವಳು ಸಣ್ಣ ಬ್ರಷ್ಷು ಅದ್ದಿ, ಹೊಲಿಗೆಗಳ ನಡುವಿನ ಬಿಳಿ ಬಿಟ್ಟು, ಏಳನ್ನೂ ಉಳಿಸಿ ಕಪ್ಪು ತುಂಬಿದಳು.

ಒಳಗಿನ ಬಾಗಿಲು ತೆರೆಯಿತು. ತಮ್ಮ ಹತ್ತನೆಯ ಪುಟ ಇಟ್ಟು, ಒಂಬತ್ತನೆಯದನ್ನು ಎತ್ತಿ ನೋಡಿದ. ಅವಳ ಮುಖ ನೋಡಲಿಲ್ಲ.

“ಚೆನ್ನಾಗಿದೆ” ಎಂದ. “ಹೊಲಿಗೆ ಕೂಡಿಕೊಳ್ಳುತ್ತೇನೋ ಅಂದ್ಕೊಂಡಿದ್ದೆ.”

“ಏಳೂ ಇದೆ.”

“ಹೂಂ. ಏಳೇ.”

ಮತ್ತೆ ಬಾಗಿಲು ಮುಚ್ಚಿತು. ಆಗಲೇ ಎದ್ದು ಹೋಗಿ ಹೇಳಿಬಿಡಬಹುದಿತ್ತು. ಅವಳು ಹತ್ತನೆಯ ಪುಟವನ್ನು ಮುಂದಕ್ಕೆ ಎಳೆದುಕೊಂಡಳು. ಅವನಿಗೆ ಗೊತ್ತಿದೆ ಎಂದು ತನಗೆ ಗೊತ್ತಾಗಿದೆ. ಅದು ಅವನಿಗೂ ಗೊತ್ತಾಗಿರಬಹುದು. ಇನ್ನು ಉಳಿದದ್ದು ಒಂದೇ ಪ್ರಶ್ನೆ. ಅವನು ಹೋಗುತ್ತಾನೋ, ಇರುತ್ತಾನೋ. ಅದಕ್ಕೆ ಉತ್ತರ ಹದಿನಾರನೆಯ ಪುಟದಲ್ಲಿತ್ತು, ಆ ಪುಟ ಮುಚ್ಚಿದ ಬಾಗಿಲ ಹಿಂದಿತ್ತು.

ಮೂರು ಗಂಟೆಗೆ ಸಂಪಾದಕಿ ಬಂದಳು. ನಾಲ್ಕೂವರೆಗೆ ಮುದ್ರಣಾಲಯದಲ್ಲಿ ಪುಟ ಇರಬೇಕು, ಬೇರೆ ಯಾರನ್ನೂ ನಂಬದೆ ತಾನೇ ಬಂದಿದ್ದಳು. ದಪ್ಪ ಕನ್ನಡಕ, ಜೋರು ದನಿ. ಕುರ್ಚಿಗೆ ಕೂರುವ ಮುಂಚೆ ಅರ್ಧ ಮಾತು ಮುಗಿಸಿರುವ ಹೆಂಗಸು.

“ಕಪ್ಪಕ್ಕ, ನಿಮ್ಮ ತಮ್ಮ ನನ್ನ ಹೊಟ್ಟೆ ಮೇಲೆ ಹೊಡೀತಿದ್ದಾರೆ ಗೊತ್ತಾ? ಕಥೆ ಮುಗಿಸ್ತಾರಂತೆ. ಮುಗಿಸೋದಾದ್ರೆ ಒಬ್ಬನನ್ನ ಸಾಯ್ಸಿ ಅಂದೆ. ಓದೋರು ಒಂದು ವಾರ ಊಟ ಬಿಡ್ತಾರೆ, ಪತ್ರಿಕೆ ಎರಡನೇ ಸಲ ಅಚ್ಚು ಹಾಕ್ಬೇಕಾಗುತ್ತೆ. ಕೇಳಲ್ಲ ಮನುಷ್ಯ.”

“ಸತ್ತು ಸತ್ತು ಕ್ಯಾಪ್ಟನ್‌ಗೂ ಬೇಜಾರಾಗಿರುತ್ತೆ ಮೇಡಂ.”

“ಹಾಗಾದ್ರೆ ಪಿಟೀಲಿನವನನ್ನ ಸಾಯ್ಸಲಿ. ಅವನು ಇನ್ನೂ ಒಂದು ಸಲಾನೂ ಸತ್ತಿಲ್ಲ.” ಅವಳು ದಾರದ ಕೆಳಗೆ ಅಡ್ಡಾಡುತ್ತ ಪುಟ ನೋಡತೊಡಗಿದಳು. ಹದಿಮೂರು ಪುಟ ಒಣಗಿದ್ದವು. ಕಪ್ಪಕ್ಕ ಆಗಷ್ಟೇ ಹದಿನಾಲ್ಕನೆಯದಕ್ಕೆ ಕ್ಲಿಪ್ಪು ಹಾಕಿದ್ದಳು. ಅದರ ಮುಂದೆ ಸಂಪಾದಕಿಯ ಕಾಲು ನಿಂತಿತು.

“ಇದೇನಿದು, ಕ್ಯಾಪ್ಟನ್ ಅಳ್ತಿದ್ದಾನೆ?”

ಕಪ್ಪಕ್ಕ ತಿರುಗಿ ನೋಡಿದಳು. ಬಂದರಿನ ಬೆಂಚಿನ ಮೇಲೆ ಇಬ್ಬರೂ ಒಂದೇ ಕಂಬಳಿ ಹೊದ್ದು ಕೂತಿದ್ದಾರೆ. ಕೋಟು ಕಾಣುವುದಿಲ್ಲ, ಪಿಟೀಲು ಕಾಣುವುದಿಲ್ಲ, ಎರಡು ತಲೆ ಮಾತ್ರ. ಎಡಗಡೆಯವನು ಬಲಗಡೆಯವನ ಭುಜಕ್ಕೆ ಮುಖ ಒತ್ತಿ ಅಳುತ್ತಿದ್ದಾನೆ. ಪೆನ್ಸಿಲ್ಲಿನ ಇಂಟು ಬಲಗಡೆಯ ತಲೆಯ ಮೇಲಿತ್ತು. ರಬ್ಬರಿನಿಂದ ಉಜ್ಜುವುದನ್ನೂ ಅವಳು ಮರೆತಿದ್ದರಿಂದ ಅದು ಇನ್ನೂ ಅಲ್ಲೇ ಇತ್ತು, ತಲೆ ಬಿಳಿಯಾಗಿಯೇ ಇತ್ತು. ಅವಳು ಕಪ್ಪು ತುಂಬಿದ್ದು ಎಡಗಡೆಯ ತಲೆಗೆ.

“ತಪ್ಪಾಯ್ತು” ಎಂದಳು.

ಸಂಪಾದಕಿಯ ದನಿಗೆ ತಮ್ಮ ಹೊರಗೆ ಬಂದ. ಪುಟವನ್ನು ಕ್ಲಿಪ್ಪಿನಿಂದ ಬಿಡಿಸಿ ಹಿಡಿದು ನಿಂತ. ಹೊತ್ತು ಮೂರೂ ಹತ್ತು. ಕಪ್ಪಿನ ಮೇಲೆ ಬಿಳಿ ಬಳಿದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೇರೆ ಹಾಳೆಯಲ್ಲಿ ತಲೆ ಬರೆದು, ಕತ್ತರಿಸಿ, ಮೇಲೆ ಅಂಟಿಸಬೇಕು. ಆಗುತ್ತದೆ, ಆದರೆ ಗಳಿಗೆ ಗಳಿಗೆ ಎಣಿಸಿಕೊಂಡು ಮಾಡುವ ಕೆಲಸ.

“ಹನ್ನೊಂದು ವರ್ಷದಲ್ಲಿ ಒಂದು ಸಲ ತಪ್ಪಿಲ್ಲ ನೀನು” ಎಂದ. ದನಿ ಏರಲಿಲ್ಲ. “ಇವತ್ತು ಪುಟ ಹೋಗಬಾರದು ಅಂತ ಮಾಡಿದ್ಯಾ ಅಕ್ಕ?”

“ಇಲ್ಲ ಕಣೋ.”

ಇಲ್ಲ ಎಂದಳು. ಆದರೆ ಆ ತಲೆಗೆ ಅಂಚು ಕಟ್ಟುವಾಗ ಮನಸ್ಸು ಎಲ್ಲಿತ್ತು, ಏನನ್ನು ಬಯಸುತ್ತಿತ್ತು ಎಂದು ಅವಳು ಆಣೆ ಮಾಡಿ ಹೇಳಲಾರಳು.

“ನನ್ನ ಕೇಳಿದ್ರೆ ಹಾಗೇ ಬಿಡಿ” ಎಂದಳು ಸಂಪಾದಕಿ. “ಕ್ಯಾಪ್ಟನ್ ಅಳೋದು ಯಾರೂ ನೋಡಿಲ್ಲ. ಜನ ಹುಚ್ಚಾಗ್ತಾರೆ.”

“ಆಗಲ್ಲ ಮೇಡಂ. ಅವನು ಅಳೋ ಜಾತಿ ಅಲ್ಲ. ಎಷ್ಟು ನೋವಾದ್ರೂ ‘ಸರಿ’ ಅಂದು ಹೊರಟುಹೋಗ್ತಾನೆ. ಅವನು ಇರೋದೇ ಹಾಗೆ.” ತಮ್ಮ ಬ್ಲೇಡು, ಬೇರೆ ಹಾಳೆ ಎತ್ತಿಕೊಂಡು ಅಕ್ಕನ ಮೇಜಿನ ಮುಂದೆ ಕೂತ.

ಕಪ್ಪಕ್ಕ ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು. ಸುಮ್ಮನಿದ್ದರೆ ಅರ್ಧ ಗಂಟೆಯಲ್ಲಿ ತಲೆ ಅಂಟಿಕೊಳ್ಳುತ್ತದೆ, ಪುಟ ಹೋಗುತ್ತದೆ, ಮಾತು ಹಾಗೇ ಹೂತುಹೋಗುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಅಳ್ತಾನೆ” ಎಂದಳು. “ನಾನು ನೋಡಿದ್ದೀನಿ.”

ಬ್ಲೇಡು ನಿಂತಿತು.

“ಯಾರು ಅಳ್ತಾರೆ, ಏನು ನೋಡಿದ್ರಿ?” ಎಂದು ಸಂಪಾದಕಿ ಕನ್ನಡಕ ಸರಿಮಾಡಿಕೊಂಡಳು.

ತಮ್ಮ ತಲೆ ಎತ್ತದೆ, “ಮೇಡಂ, ಹತ್ತು ನಿಮಿಷ ಕೆಳಗೆ ಗಾಡೀಲಿ ಕೂತಿರ್ತೀರಾ? ಪುಟ ನಾನೇ ತಂದುಕೊಡ್ತೀನಿ” ಎಂದ. ಎಂದೂ ಸುಮ್ಮನಾಗದ ಹೆಂಗಸು ಇಬ್ಬರ ಮುಖ ನೋಡಿ, ಚೀಲ ಎತ್ತಿಕೊಂಡು ಹೊರಗೆ ಹೋದಳು. ಬಾಗಿಲನ್ನು ತಾನೇ ಎಳೆದುಕೊಂಡಳು.

“ಹೇಳು” ಎಂದ ತಮ್ಮ.

“ನಿಂಗೆ ಜ್ವರ ಬಂದಿತ್ತಲ್ಲ, ನಾಲ್ಕನೇ ದಿನ. ಮಧ್ಯಾಹ್ನ ಬಂದಿದ್ದ. ನೀನು ಇಲ್ಲ ಅಂದೆ. ಊರಿಗೆ ಹೋಗಿದ್ದಾನೆ ಅಂದೆ. ನಿನ್ನ ಚಪ್ಪಲಿ ನೋಡ್ದ. ನೀನೇ ಹೇಳಿಸಿದ್ದು ಅಂದ್ಕೊಂಡ. ಅದು ನಂಗೆ ಗೊತ್ತಾಯ್ತು, ಆದ್ರೂ ಸುಮ್ನಿದ್ದೆ.” ಅವಳು ಉಸಿರು ಎಳೆದುಕೊಂಡಳು. “ಇಷ್ಟು ನಿಂಗೆ ಗೊತ್ತು.”

“ಗೊತ್ತು. ಐದು ತಿಂಗಳಿಂದ. ನೀನೇ ತಂದುಕೊಟ್ಟೆ, ಓದುಗರ ಕಾಗದದ ಕಟ್ಟು. ಅದರಲ್ಲಿ ಒಂದಿತ್ತು. ಕ್ಯಾಪ್ಟನ್ ಕೋಣೆ ಗಡಿಯಾರದಲ್ಲಿ ಮೂರೂವರೆ ತೋರಿಸಿದ್ದೀರಿ, ಗಂಟೆ ಮುಳ್ಳು ಮೂರರ ಮೇಲೇ ಇದೆ, ಅದು ಮೂರು ನಾಲ್ಕರ ನಡುವೆ ಇರಬೇಕು ಅಂತ. ಬೇರೇನೂ ಇಲ್ಲ. ಕೆಳಗೆ ಅಂಗಡಿ ಅಡ್ರೆಸ್ಸು.” ಅವನ ತುಟಿ ನಗುವಿಗೆಂದು ಅಲುಗಿ ಹಾಗೇ ನಿಂತಿತು. “ನಾನು ಎತ್ತೋ ಮುಂಚೆ ನೀನೇ ಹೇಳ್ತೀಯೇನೋ ಅಂತ ಐದು ತಿಂಗಳು ಕಾದೆ. ಮಂಗಳವಾರ ಮಂಗಳವಾರ ಹಲ್ಲಿನ ಡಾಕ್ಟರು ಅಂದೆ. ಒಂದು ಸಲಾನಾದ್ರೂ ಕೇಳಿದ್ಯಾ?”

“ಕೇಳಿದ್ರೆ ನೀನು ಹೇಳಿಬಿಡ್ತೀಯ ಅಂತ ಭಯ.”

ತಮ್ಮ ಬ್ಲೇಡನ್ನು ಮೇಜಿನ ಮೇಲಿಟ್ಟ.

“ನಿಂಗೆ ಗೊತ್ತಿಲ್ಲದ್ದು ಇದು” ಎಂದಳು. “ಅವನು ಸರಿ ಅಕ್ಕ ಅಂತ ಇಳಿದು ಹೋದ. ಮೆಟ್ಟಿಲು ತಿರುಗೋ ಜಾಗದಲ್ಲಿ ನಿಂತ. ಗೋಡೆಗೆ ಮುಖ ಒತ್ಕೊಂಡು ಅತ್ತ. ಭುಜ ಅಲುಗಾಡ್ತಿತ್ತು. ಸದ್ದಿಲ್ಲ. ಮೇಲಿನ ಮನೆಯೋರು ಇಳಿದು ಬರೋ ಸದ್ದಾಯ್ತು, ಕಣ್ಣೊರೆಸಿಕೊಂಡು ಹೋದ. ನಾನು ಬಾಗಿಲ ಸಂದೀಲಿ ನೋಡ್ತಾನೇ ಇದ್ದೆ. ಅವನು ನಿಂಗೆ ಇದು ಹೇಳಿರಲ್ಲ.”

ಹೇಳಿರಲಿಲ್ಲ. ಅದು ಅವನ ಮುಖದಲ್ಲೇ ಕಂಡಿತು. ನಲವತ್ತಾರರ ಗಂಡಸು ಒಂಬತ್ತು ವರ್ಷದವನ ಹಾಗೆ ಗಲ್ಲ ಬಿಗಿಮಾಡಿಕೊಂಡು ಕೂತ. ಹೊಸ ಹಾಳೆಯ ಮೇಲೆ ಅರ್ಧ ಬರೆದಿದ್ದ ತಲೆಯನ್ನು ನೋಡಿದ, ತಪ್ಪಾದ ಪುಟವನ್ನು ನೋಡಿದ. ಆಮೇಲೆ ಆ ಅರ್ಧ ತಲೆಯ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟ. ಬಲಗಡೆಯ ತಲೆಯ ಮೇಲಿನ ಇಂಟು ಗುರುತನ್ನು ರಬ್ಬರಿನಿಂದ ತಾನೇ ಅಳಿಸಿದ. ಕಪ್ಪು ಕೂದಲಿನವನು ಅಳುವವನಾಗಿಯೇ ಉಳಿದ.

“ನನ್ನ ಕ್ಷಮಿಸಿದ್ದೀಯಾ ಅಂತ ಮಾತ್ರ ಕೇಳಬೇಡ ಅಕ್ಕ” ಎಂದ. “ನಂಗೇ ಗೊತ್ತಿಲ್ಲ.”

“ಕೇಳಲ್ಲ.”

“ಸಾಕಿದ್ದೂ ನೀನೇ. ಅದನ್ನ ಇದರಿಂದ ಕಳೆದು ನೋಡೋಕೆ ಹೋದ್ರೆ ತಲೆ ಕೆಡುತ್ತೆ.”

“ಕಳೀಬೇಡ. ಎರಡೂ ಬೇರೆ ಬೇರೆ.” ಅವಳು ಕಿಟಕಿಯ ಕಂಬಿ ಬಿಟ್ಟು ಮೇಜಿಗೆ ಬಂದಳು. “ಹದಿನೈದನೇ ಪುಟಕ್ಕೆ ಕಪ್ಪು ಜಾಸ್ತಿ ಇಲ್ಲ, ಆಮೇಲೆ ಐದು ನಿಮಿಷದಲ್ಲಿ ಆಗೋಗುತ್ತೆ. ಹದಿನಾರನೇದು ತಾ.”

“ಬೇಡ ಅಕ್ಕ.”

“ನಿನ್ನ ಕೈಗೆ ಅಂಚು ನಿಲ್ಲಲ್ಲ. ತಾ.”

ಅವನು ತಂದ. ಪುಟದ ತುಂಬ ಒಂದೇ ಚಿತ್ರ. ಕೆಳಗೆ ಬೀದಿಯಲ್ಲಿ ಪೆಟ್ಟಿಗೆ ಹಿಡಿದ ಪಿಟೀಲಿನವನೂ ಕ್ಯಾಪ್ಟನ್ನೂ ಬೆನ್ನು ತಿರುಗಿಸಿ ನಡೆದು ಹೋಗುತ್ತಿದ್ದಾರೆ. ಮೇಲೆ ಒಂದು ಕಿಟಕಿ. ಕಿಟಕಿಯಲ್ಲಿ ಒಬ್ಬ ಹೆಂಗಸಿನ ಆಕಾರ, ತಲೆಯಿಂದ ಸೊಂಟದವರೆಗೆ. ಅದರ ಮೇಲೆ ದೊಡ್ಡದೊಂದು ಇಂಟು.

ಉತ್ತರ ಸಿಕ್ಕಿತು. ಸಿಕ್ಕಿದಾಗ ಅವಳು ಅಂದುಕೊಂಡಷ್ಟು ಸದ್ದಾಗಲಿಲ್ಲ.

“ಇವಳು ಪೂರ್ತಿ ಕಪ್ಪಾ? ಮುಖ ಕಾಣೋದೇ ಬೇಡ್ವಾ?”

“ಬರೆದೆ. ನಾಲ್ಕು ಸಲ ಬರೆದೆ. ನಾಲ್ಕು ಸಲಾನೂ ಕೆಟ್ಟವಳ ಹಾಗೆ ಬಂತು. ಅಳಿಸಿದೆ. ಕೆಟ್ಟವಳು ಅಂತ ಬರೆಯೋಕೆ ಮನಸ್ಸು ಒಪ್ಪಲಿಲ್ಲ, ಒಳ್ಳೆಯವಳು ಅಂತ ಬರೆಯೋಕೆ ಕೈ ಒಪ್ಪಲಿಲ್ಲ. ಕೊನೆಗೆ ಇಂಟು ಹಾಕಿದೆ. ಅದನ್ನ ನಿನ್ನ ಕೈಲೇ ತುಂಬಿಸೋದು ಹೇಗೆ?”

ಅವಳು ಹೆಬ್ಬೆರಳಿನಿಂದ ಆ ಜಾಗ ಸವರಿದಳು. ನಾಲ್ಕು ಸಲ ಉಜ್ಜಿ ಉಜ್ಜಿ ಹಾಳೆ ನವಿರೆದ್ದು ತೆಳ್ಳಗಾಗಿತ್ತು. ಅಂಥ ಕಡೆ ಒದ್ದೆ ಬ್ರಷ್ಷು ಇಟ್ಟರೆ ಶಾಯಿ ಹರಡಿ ಬೀದಿಯ ತನಕ ಇಳಿಯುತ್ತದೆ. ಬ್ರಷ್ಷನ್ನು ಬಟ್ಟೆಗೆ ಒತ್ತಿ ಅರ್ಧ ಒಣಗಿಸಿದಳು. ಉಸಿರು ಬಿಗಿಹಿಡಿದು, ಭುಜದ ಅಂಚು ಕಟ್ಟಿದಳು. ಒಣಗಲು ಬಿಟ್ಟಳು. ಕುತ್ತಿಗೆ. ಒಣಗಲು ಬಿಟ್ಟಳು. ಮುಖದ ಜಾಗಕ್ಕೆ ಬಂದಾಗ ಅಳಿಸಿದ ಪೆನ್ಸಿಲ್ಲಿನ ಗುಳಿ ಓರೆ ಬೆಳಕಿನಲ್ಲಿ ಕಂಡಿತು. ಒಂದರ ಮೇಲೊಂದು ನಾಲ್ಕು ಮುಖ. ಅವುಗಳಲ್ಲಿ ಒಂದು ತುಟಿ ಬಿಗಿದಿತ್ತು, ಒಂದರ ಹುಬ್ಬು ಗಂಟಿಕ್ಕಿತ್ತು. ಅವಳು ಒಂದೊಂದನ್ನೂ ನೋಡಿದಳು, ನೋಡಿ ತುಂಬಿದಳು. ತಮ್ಮ ಪಕ್ಕದಲ್ಲಿ ನಿಂತೇ ಇದ್ದ. ಅಂಚು ಎಲ್ಲೂ ದಾಟಲಿಲ್ಲ. ಕ್ಯಾಪ್ಟನ್‌ನ ಕೂದಲಿಗೂ ಅವಳೇ ಕಪ್ಪು ಹಾಕಿದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವನು ಪುಟಗಳನ್ನೆಲ್ಲ ರಟ್ಟಿನ ನಡುವೆ ಇಟ್ಟು ಕೆಳಗೆ ಓಡಿದ. ಮೋಟಾರು ಹೊರಟ ಸದ್ದು ಕೇಳಿಸಿತು. ಅವನು ತಿರುಗಿ ಬರುವಷ್ಟರಲ್ಲಿ ಅವಳು ಶಾಯಿಯ ಮುಚ್ಚಳ ಹಾಕಿ ಕೂತಿದ್ದಳು.

“ಯಾವತ್ತು?” ಎಂದಳು.

“ಮುಂದಿನ ಗುರುವಾರ.”

“ಇನ್ನೊಂದು ಕಥೆ ಶುರು ಮಾಡ್ತೀಯ ಅಲ್ಲಿ?”

“ಮಾಡ್ತೀನಿ.”

“ಕಪ್ಪು ತುಂಬೋರು ಯಾರು?”

“ಅವನೇ ತುಂಬ್ತಾನಂತೆ. ಕೈ ನಡುಗಲ್ಲ ಅವಂದು.”

“ಕೈ ನಡುಗದಿದ್ರೆ ಸಾಲದು. ಗಡಿಯಾರದೋರು ಮುಟ್ಟಿ ಮುಟ್ಟಿ ನೋಡೋರು. ಒಣಗೋ ಮುಂಚೆ ಮುಟ್ತಾನೆ, ಪುಟವೆಲ್ಲ ಬೆರಳಚ್ಚು ಮಾಡಿಡ್ತಾನೆ. ಒಂದಿನ ಕೂರಿಸಿ ಹೇಳಿಕೊಡಬೇಕು. ಮಂಗಳವಾರ ಕರ್ಕೊಂಡು ಬಾ.”

ತಮ್ಮ ಶಾಯಿಯ ಬಾಟಲಿಯನ್ನು ಮೇಜಿನ ಮೂಲೆಗೆ ಸರಿಸಿದ. “ಅವನು ಈ ಮೆಟ್ಟಿಲು ಹತ್ತಲ್ಲ ಅಕ್ಕ.”

ಅದು ನ್ಯಾಯವೇ ಎಂದು ಅವಳಿಗೆ ಅನ್ನಿಸಿತು. “ಹಾಗಾದ್ರೆ ನಾನೇ ಅಲ್ಲಿಗೆ ಬರ್ತೀನಿ.”

ಅವನು ಒಂದು ಚೂರು ಕಾಗದ ತೆಗೆದು, ಅವಳಿಗೆ ಓದಲು ಬರುವ ಹಾಗೆ ಬಿಡಿಬಿಡಿಯಾಗಿ, ಅಚ್ಚಿನಂತೆ, ಬಸ್ಸಿನ ನಂಬರು ಮತ್ತು ಇಳಿಯುವ ಜಾಗ ಬರೆದುಕೊಟ್ಟ.

“ಹತ್ತು ಗಂಟೆಗೆ ಮುಂಚೆ ಬರಬೇಡ. ನಾನು ಮೊದಲು ಹೋಗಿ ಅವನ ಹತ್ರ ಮಾತಾಡಬೇಕು.”

“ಬೇಡ ಅಂದ್ರೆ?”

“ಅಂದ್ರೆ ಅಂಗಡಿ ಬಾಗಿಲಲ್ಲೇ ಬಂದು ಹೇಳ್ತೀನಿ. ಅದೇ ಬಸ್ಸು ಹತ್ತಿ ವಾಪಸ್ ಬರ್ತೀಯ.”

“ಬರ್ತೀನಿ” ಎಂದಳು ಕಪ್ಪಕ್ಕ. ಕಾಗದವನ್ನು ಬೆಳಕಿಗೆ ಹಿಡಿದು, ಮೊದಲ ಅಕ್ಷರದಿಂದ ಕೂಡಿಸಿಕೊಂಡು ಓದತೊಡಗಿದಳು.